ತೋಳಿಗೆ ಗರ್ಭನಿರೋಧಕ ಇಂಪ್ಲಾಂಟ್ ಹಾಕಿಸಿಕೊಳ್ಳುವವರು ‘ಸರಿಹೋಗುತ್ತದೆ’ ಎಂಬ ಮಾತಿಗೆ ಗಡುವು ಕೇಳಿ

ಎರಡನೆಯ ಹೆರಿಗೆಯ ನಂತರ, ದಿನವೂ ನೆನಪಿಟ್ಟು ಮಾತ್ರೆ ನುಂಗುವ ತಾಪತ್ರಯ ಬೇಡವೆಂದು, ನಾನು ಮೇಲ್ದೋಳಿನ ಚರ್ಮದಡಿಯಲ್ಲಿ ಇಡುವ ಗರ್ಭನಿರೋಧಕ ಇಂಪ್ಲಾಂಟ್ ಹಾಕಿಸಿಕೊಂಡೆ. ನಾನಿರುವುದು ಇಂಗ್ಲೆಂಡಿನಲ್ಲಿ; ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮೂಲಕ ಇದು ಉಚಿತವಾಗಿ ದೊರೆಯುತ್ತದೆ. 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಈ ಮೆತುವಾದ ಕಡ್ಡಿಯಲ್ಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನ್ ಇದ್ದು, ಅದು ಮೂರು ವರ್ಷಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಗರ್ಭ ತಡೆಯುವ ಕೆಲಸದಲ್ಲಿ ಇದಕ್ಕೆ ಸರಿಗಟ್ಟುವ ಸಾಧನಗಳು ಕಡಿಮೆ, ಶೇ. 99ಕ್ಕೂ ಹೆಚ್ಚು ಪರಿಣಾಮಕಾರಿ. ಆ ವಿಷಯದಲ್ಲಿ ನನ್ನ ದೂರೇನೂ ಇಲ್ಲ. ದೂರಿರುವುದು ಹಾಕಿದ ಮೇಲೆ ನಡೆದದ್ದರ ಬಗ್ಗೆ.

ಹಾಕುವ ದಿನ ನನಗೆ ಹೇಳಿದ್ದು ಒಂದೇ ಮಾತು: ಆರಂಭದಲ್ಲಿ ಮುಟ್ಟಿನಲ್ಲಿ ಏರುಪೇರು ಇರುತ್ತದೆ, ಆಮೇಲೆ ಸರಿಹೋಗುತ್ತದೆ. ಕೆಲವು ವಾರಗಳಲ್ಲಿ ಸ್ರಾವ ಶುರುವಾಯಿತು, ನಿಲ್ಲಲಿಲ್ಲ. ಹೆಚ್ಚೇನೂ ಹೋಗುತ್ತಿರಲಿಲ್ಲ, ಆದರೆ ಪ್ಯಾಡ್ ಇಲ್ಲದೆ ಮನೆಯಿಂದ ಹೊರಬೀಳುವಂತಿರಲಿಲ್ಲ. ಊರಿನಿಂದ ಬಂದಿದ್ದ ಅತ್ತೆಯವರು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದ ದೇವರಿಗೆ ತಾವೇ ದೀಪ ಹಚ್ಚುತ್ತ, ‘ಇದೇನಮ್ಮ, ನಿನ್ನ ರಜೆ ಮುಗಿಯುವುದೇ ಇಲ್ಲವಲ್ಲ’ ಎಂದು ಕೊನೆಗೊಮ್ಮೆ ಕೇಳಿಯೇಬಿಟ್ಟರು. ಕ್ಲಿನಿಕ್ಕಿಗೆ ಫೋನ್ ಮಾಡಿದಾಗಲೆಲ್ಲ ಉತ್ತರ ಅದೇ, ಇನ್ನೂ ಸ್ವಲ್ಪ ಕಾಯಿರಿ, ಸರಿಹೋಗುತ್ತದೆ. ಎಷ್ಟು ದಿನ ಕಾಯಬೇಕು, ಅಷ್ಟರಲ್ಲಿ ನಿಲ್ಲದಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರವಿರಲಿಲ್ಲ.

ಇದು ಯಾಕೆ ಆಗುತ್ತದೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಈ ಹಾರ್ಮೋನು ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ, ಗರ್ಭಕೋಶದ ಕೊರಳಿನ ಲೋಳೆಯನ್ನು ಗಟ್ಟಿಯಾಗಿಸುತ್ತದೆ, ಜೊತೆಗೆ ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ಹಾಗೆ ತೆಳುವಾದ ಪದರದ ಸಣ್ಣ ರಕ್ತನಾಳಗಳು ದುರ್ಬಲವಾಗಿದ್ದು, ಅಲ್ಲಲ್ಲಿ ಒಡೆದು, ಹೊತ್ತುಗೊತ್ತಿಲ್ಲದೆ ಒಸರುತ್ತವೆ. ಆದ್ದರಿಂದ ಇದು ತಿಂಗಳ ಮುಟ್ಟಲ್ಲ. ದಿನ ಎಣಿಸಿ ಇದರ ಲೆಕ್ಕ ಹಿಡಿಯಲಾಗದು. ಪ್ರಯೋಗಗಳಲ್ಲಿ 90 ದಿನಗಳ ಅವಧಿಯನ್ನು ಒಂದು ಅಳತೆಯಾಗಿಟ್ಟುಕೊಂಡು ನೋಡಿದಾಗ, ಸುಮಾರು ಶೇ. 22ರಷ್ಟು ಅವಧಿಗಳಲ್ಲಿ ಸ್ರಾವವೇ ಇರಲಿಲ್ಲ, ಶೇ. 34ರಷ್ಟರಲ್ಲಿ ಅಪರೂಪವಾಗಿತ್ತು, ಆದರೆ ಶೇ. 18ರಷ್ಟರಲ್ಲಿ ಎಡೆಬಿಡದೆ ಎರಡು ವಾರಕ್ಕಿಂತ ಹೆಚ್ಚು ಕಾಲ ನಡೆದಿತ್ತು. ಇನ್ನೊಂದು ವಿಷಯ ನನ್ನ ಕ್ಲಿನಿಕ್ ಹೇಳಲೇ ಇಲ್ಲ: ಮೊದಲ ಮೂರು ತಿಂಗಳು ಹೇಗಿರುತ್ತದೆಯೋ, ಅನೇಕರಲ್ಲಿ ಮುಂದೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆ ಮೂರು ತಿಂಗಳು ಕಾಯುವುದು ನ್ಯಾಯ. ಅದರಾಚೆಗೂ ‘ಕಾಯಿರಿ’ ಎಂದಷ್ಟೇ ಹೇಳಿದರೆ ಅದು ಚಿಕಿತ್ಸೆಯಲ್ಲ, ಸಾಗಹಾಕುವ ಮಾತು.

ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ನಾನು ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಹಿಮೋಗ್ಲೋಬಿನ್ 94 ಎಂದಿತ್ತು. ಇಲ್ಲಿ ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ವರದಿಯ ಫೋಟೊ ನೋಡಿದ ನನ್ನ ಅಕ್ಕ, ಊರಿನಲ್ಲಿ ಸ್ಟಾಫ್ ನರ್ಸ್ ಆಗಿರುವವಳು, ‘ಅದು ನಮ್ಮ ಕಡೆಯ 9.4 ಕಣೇ, ಸುಮ್ಮನೆ ಕೂರಬೇಡ’ ಎಂದಳು. ಊರಿನ ಆ ಲೆಕ್ಕದಲ್ಲಿ, ಅಂದರೆ ಡೆಸಿಲೀಟರಿಗೆ ಗ್ರಾಂ ಲೆಕ್ಕದಲ್ಲಿ, ಗರ್ಭಿಣಿಯಲ್ಲದ ಮಹಿಳೆಯಲ್ಲಿ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಹೊರನಾಡಿನಲ್ಲಿರುವವರು ಈ ಅಂಕಿಯ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಿ, 94 ನೋಡಿ ಪರವಾಗಿಲ್ಲ ಎಂದುಕೊಳ್ಳುವುದು ಸುಲಭ.

ಅಕ್ಕ ಹೇಳಿಕೊಟ್ಟ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಬೇರೊಬ್ಬ ವೈದ್ಯೆಯನ್ನು ಕಂಡಾಗ ಮಾತ್ರ ಕೆಲಸ ನಡೆಯಿತು. ಅವರು ಮೊದಲು ಗರ್ಭಧಾರಣೆ ಆಗಿಲ್ಲವೆಂದು ಖಚಿತಪಡಿಸಿಕೊಂಡರು, ಕ್ಲಮೈಡಿಯಾದಂತಹ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿಗೆ ಪರೀಕ್ಷೆ ಮಾಡಿಸಿದರು, ಗರ್ಭಕೋಶದ ಕೊರಳಿನ ತಪಾಸಣೆ ಬಾಕಿಯಿದೆಯೇ ಎಂದು ನೋಡಿದರು. ಎಲ್ಲ ಸ್ರಾವವನ್ನೂ ಇಂಪ್ಲಾಂಟಿನ ತಲೆಗೆ ಕಟ್ಟಿದರೆ ಬೇರೆ ರೋಗ ಕಣ್ತಪ್ಪಬಹುದು. ಬಳಿಕ ಐದು ದಿನ ಮೆಫೆನಾಮಿಕ್ ಆಮ್ಲದ ಮಾತ್ರೆ ಕೊಟ್ಟರು. ಅದರಿಂದ ನಿಂತದ್ದು ಮತ್ತೆ ಶುರುವಾಯಿತು. ಅದರ ಮುಂದಿನ ಹೆಜ್ಜೆ ಮೂರು ತಿಂಗಳು ಈಸ್ಟ್ರೋಜೆನ್ ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆ. ಆದರೆ ನನಗೆ ಕಣ್ಣೆದುರು ಬೆಳಕಿನ ಗೆರೆಗಳು ಕಾಣಿಸಿಕೊಂಡು ಬರುವ ಮೈಗ್ರೇನ್ ಇದೆ. ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ ಆ ಮಾತ್ರೆ ಕೊಡುವಂತಿಲ್ಲ. ನಿಮಗೂ ಹೀಗಿದ್ದರೆ, ಅಥವಾ ರಕ್ತದೊತ್ತಡವಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಕೇಳುವ ಮೊದಲೇ ಹೇಳಿಬಿಡಿ.

ಮೊಡವೆ, ತಲೆನೋವು, ಸ್ತನಗಳ ನೋವು ಇವೂ ಇಂಪ್ಲಾಂಟಿನ ಅಡ್ಡಪರಿಣಾಮಗಳ ಪಟ್ಟಿಯಲ್ಲಿವೆ. ತೂಕ ಮತ್ತು ಮನಃಸ್ಥಿತಿಯ ಬದಲಾವಣೆಗೆ ಇಂಪ್ಲಾಂಟೇ ಕಾರಣವೆಂದು ದೃಢಪಟ್ಟಿಲ್ಲವೆಂದು ವೈದ್ಯರು ಹೇಳುತ್ತಾರೆ. ಹಾಗೆಂದು ನಿಮಗಾದದ್ದನ್ನು ಬರೆದಿಡದೆ ಬಿಡಬೇಕಾಗಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮುಂತಾದವು ಈ ಹಾರ್ಮೋನಿನ ಮಟ್ಟವನ್ನು ತಗ್ಗಿಸಿ ಗರ್ಭ ನಿಲ್ಲುವಂತೆ ಮಾಡಬಲ್ಲವು. ಇದು ಸ್ರಾವಕ್ಕಿಂತ ಗಂಭೀರ ವಿಷಯ.

ಕೊನೆಗೆ ಇಂಪ್ಲಾಂಟನ್ನು ತೆಗೆಸಿಬಿಡಲು ನಿರ್ಧರಿಸಿದೆ. ತೆಗೆಸುವುದು ಐದು ನಿಮಿಷದ ಕೆಲಸವೆಂದು ನಾನು ನಂಬಿದ್ದೆ, ಸಾಮಾನ್ಯವಾಗಿ ಹಾಗೆಯೇ. ಆದರೆ ನನಗೆ ಹಾಕಿದ ಕ್ಲಿನಿಕ್ಕಿನಲ್ಲಿ ತೆಗೆಯುವ ತರಬೇತಿ ಪಡೆದವರು ಆಗ ಯಾರೂ ಇರಲಿಲ್ಲ. ಬೇರೆಡೆ ಹೋದಾಗ ಅಲ್ಲಿನ ನರ್ಸ್ ತೋಳನ್ನು ಒತ್ತಿ ಒತ್ತಿ ನೋಡಿ, ಒಂದು ತುದಿ ಮಾತ್ರ ಬೆರಳಿಗೆ ಸಿಗುತ್ತಿದೆ, ಇನ್ನೊಂದು ತುದಿ ಆಳಕ್ಕಿಳಿದಿದೆ ಎಂದು ಕತ್ತರಿಸದೆ ನಿಲ್ಲಿಸಿದರು. ಅವರಿಗೆ ನಾನು ಕೃತಜ್ಞಳು. ಕೈಗೆ ಸಿಗದ ಕಡ್ಡಿಗಾಗಿ ಕುರುಡಾಗಿ ಕೆದಕಿದರೆ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ಆಳಕ್ಕಿಳಿದವುಗಳನ್ನು ತೆಗೆಯುವ ವಿಶೇಷ ಕೇಂದ್ರದಲ್ಲಿ ಅಲ್ಟ್ರಾಸೌಂಡ್ ಹಿಡಿದು, ತೋಳಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಅರಿವಳಿಕೆ ಚುಚ್ಚಿ ತೆಗೆದರು. ಈಗಿನ ಕಡ್ಡಿಗಳಲ್ಲಿ ಬೇರಿಯಂ ಸಲ್ಫೇಟ್ ಇರುವುದರಿಂದ ಎಕ್ಸ್-ರೇಯಲ್ಲೂ ಕಾಣುತ್ತದೆ. ಬಲು ಅಪರೂಪಕ್ಕೆ ಕಡ್ಡಿ ರಕ್ತನಾಳ ಸೇರಿ ಶ್ವಾಸಕೋಶದವರೆಗೆ ಹೋದ ಪ್ರಕರಣಗಳೂ ಇವೆ. 2020ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ಇದೇ ಕಾರಣಕ್ಕೆ ಕಡ್ಡಿ ಇಡುವ ಜಾಗದ ಬಗ್ಗೆ ಮತ್ತೆ ಎಚ್ಚರಿಸಿತು. ಹಾಕಿದ ಕೂಡಲೇ ನಿಮ್ಮ ಬೆರಳಿನಿಂದಲೇ ಎರಡೂ ತುದಿಗಳನ್ನು ಮುಟ್ಟಿ ನೋಡಿ, ಆಗಾಗ ಹಾಗೆ ನೋಡುತ್ತಿರಿ. ಸಿಗದಿದ್ದರೆ, ಎಲ್ಲಿದೆಯೆಂದು ಗೊತ್ತಾಗುವವರೆಗೆ ಕಾಂಡೋಮ್ ಬಳಸಬೇಕು.

ಕರ್ನಾಟಕವೂ ಸೇರಿದಂತೆ ಭಾರತದ ಕೆಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಈ ಕಡ್ಡಿ ಬಂದಿದೆ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದನ್ನು ಒಮ್ಮೆ ಹಾಕಿದರೆ ಹಿಂತೆಗೆಯಲಾಗದು, ಇದನ್ನು ಬೇಡವೆನಿಸಿದಾಗ ತೆಗೆಸಬಹುದು ಎಂಬುದೇ ಇದರ ದೊಡ್ಡ ಗುಣ. ಆದರೆ ಆ ಗುಣ ಇರುವುದು ತೆಗೆಯುವವರು ಸಿಕ್ಕಾಗ ಮಾತ್ರ. ಹಾಕಿಸಿಕೊಳ್ಳುವ ಮೊದಲೇ, ಬೇಡವೆಂದ ದಿನ ತೆಗೆಯುವವರು ಯಾರು, ಎಲ್ಲಿ ಎಂದು ಕೇಳಿ; ಸ್ರಾವ ನಿಲ್ಲದಿದ್ದರೆ ಯಾವ ತಾರೀಖಿಗೆ ಮತ್ತೆ ಬರಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಡ್ಡಪರಿಣಾಮವಾದರೆ ಬ್ರಿಟನ್ನಿನಲ್ಲಿ ಯೆಲ್ಲೋ ಕಾರ್ಡ್ ವ್ಯವಸ್ಥೆಗೆ ರೋಗಿಯೇ ನೇರವಾಗಿ ವರದಿ ಮಾಡಬಹುದು, ನಾನು ಮಾಡಿದ್ದೇನೆ; ಭಾರತದಲ್ಲಿ 1800-180-3024 ಎಂಬ ಉಚಿತ ಸಂಖ್ಯೆಯಿದೆ. ತೆಗೆಸಿದ ಒಂದು ವಾರದೊಳಗೆ ಹಾರ್ಮೋನು ರಕ್ತದಿಂದ ಇಳಿದುಹೋಗುವುದರಿಂದ ಗರ್ಭ ಬೇಗನೆ ನಿಲ್ಲಬಹುದು. ಮಗು ಬೇಡವೆಂದರೆ ತೆಗೆಸುವ ದಿನವೇ ಬೇರೆ ಕ್ರಮ ಶುರುವಾಗಬೇಕು.