ಮರದಡಿ ಚುರುಕು, ಬಯಲಲ್ಲಿ ಮಂಕು: ಎರಡು ವರ್ಷ ಬಳಸಿದ ಕ್ಯಾಮೆರಾ ಟ್ರ್ಯಾಪ್

ಕ್ಯಾಮೆರಾ ಟ್ರ್ಯಾಪ್ ಎಂದರೆ ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವಂತೆ ಕಟ್ಟಿಡುವ ಕ್ಯಾಮೆರಾ. ಮೆಗಾಪಿಕ್ಸೆಲ್ ಲೆಕ್ಕವೆಲ್ಲ ಡಬ್ಬಿಯ ಮೇಲೇ ಇದೆ, ಅದು ಬಿಡಿ. ಪ್ರಾಣಿಗಳು ಯಾವ ಆವಾಸವನ್ನು ಎಷ್ಟು ಬಳಸುತ್ತವೆ ಎಂದು ತಿಳಿಯಲು ಕೊಳ್ಳುವವರಿಗೆ ನನ್ನ ತಕರಾರು ಒಂದೇ: ಬೇಸಿಗೆಯ ನಡುಹಗಲು ಹುಲ್ಲುಗಾವಲಿನಲ್ಲಿ ಇದು ಎದುರಿಗೇ ಹಾದುಹೋದ ಪ್ರಾಣಿಯನ್ನೂ ಬಿಟ್ಟುಬಿಡುತ್ತದೆ.

ಚಿತ್ರ ತೆಗೆಯಲು ಕ್ಯಾಮೆರಾಗೆ ಸೂಚನೆ ಕೊಡುವ ಪಿಐಆರ್ (ಶಾಖ ಗ್ರಹಿಸುವ) ಸೆನ್ಸರ್ ಗುರುತಿಸುವುದು ಆಕಾರವನ್ನಲ್ಲ. ಪ್ರಾಣಿಯ ಮೈಗೂ ಹಿನ್ನೆಲೆಗೂ ಇರುವ ಶಾಖದ ವ್ಯತ್ಯಾಸವನ್ನು. ನೆಲವೂ ಜಿಂಕೆಯ ಮೈಯಷ್ಟೇ ಕಾದಾಗ ಆ ವ್ಯತ್ಯಾಸವೇ ಇರುವುದಿಲ್ಲ. ಸಾಲದ್ದಕ್ಕೆ, ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೆ ಖಾಲಿ ಚಿತ್ರಗಳ ಸಾಲು. ನೆರಳಿನ ಕಾಡಿನಲ್ಲಿ ಇದೇ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡೂ ಕಡೆಯ ಎಣಿಕೆಯನ್ನು ಹಾಗೇ ಹೋಲಿಸಿದರೆ ‘ಜಿಂಕೆ ಹಗಲು ಬಯಲಿಗೆ ಬರುವುದೇ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ನನ್ನ ಬೇಸರ ಇಳಿಸಿದ್ದು ಟೈಮ್‌ಲ್ಯಾಪ್ಸ್. ಸೆನ್ಸರ್ ಚಾಲೂ ಇರುವಾಗಲೇ 5 ನಿಮಿಷಕ್ಕೊಂದು ಚಿತ್ರ ತಾನಾಗಿ ತೆಗೆಯುವಂತೆ ಇಡಬಹುದು. ಇಡೀ ದಿನಕ್ಕಾದರೆ 288 ಚಿತ್ರ, ಕಾರ್ಡ್ ಬೇಗ ತುಂಬುತ್ತದೆ. ಬೆಳಿಗ್ಗೆ 10ರಿಂದ ಸಂಜೆ 4ಕ್ಕೆ ಮಿತಿ ಹಾಕಿದರೆ 72ರ ಆಸುಪಾಸು. ಅದರಲ್ಲಿ ಕಂಡು ಸೆನ್ಸರಿಗೆ ಸಿಗದ ಪ್ರಾಣಿಗಳನ್ನು ಎಣಿಸಿದರೆ ಎಷ್ಟು ತಪ್ಪಿಹೋಗುತ್ತಿದೆ ಎಂಬ ಅಂದಾಜು ಕೈಗೆ ಸಿಗುತ್ತದೆ. ಕಾಡಿನ ಕ್ಯಾಮೆರಾಗಳಲ್ಲೂ ಇದನ್ನೇ ಮಾಡಿ.

ಕಟ್ಟುವಾಗ ಮೊಣಕಾಲೆತ್ತರ, 40ರಿಂದ 50 ಸೆಂ.ಮೀ. ಪೂರ್ವ ಪಶ್ಚಿಮಕ್ಕೆ ಮುಖ ಬೇಡ, ಬೆಳಿಗ್ಗೆ ಸಂಜೆಯ ಓರೆಬಿಸಿಲು ಲೆನ್ಸಿಗೆ ಹೊಡೆಯುತ್ತದೆ. ಪ್ರಾಣಿ ನೇರ ಎದುರಿಗೆ ಬರುವುದಕ್ಕಿಂತ ಅಡ್ಡ ಹಾಯುವಂತಿದ್ದರೆ ಸೆನ್ಸರ್ ಬೇಗ ಹಿಡಿಯುತ್ತದೆ. ಮುಂದಿನ 3-4 ಮೀಟರ್ ಹುಲ್ಲು ಸವರಿ, ಪರೀಕ್ಷಾ ಮೋಡ್‌ಗೆ ಹಾಕಿ, ಅಂಬೆಗಾಲಿನಲ್ಲಿ ಅಡ್ಡ ಹಾದು ಕೆಂಪು ದೀಪ ಮಿನುಗುವ ಜಾಗ ಗುರುತಿಸಿಕೊಳ್ಳಿ. ನಿಂತು ನಡೆದು ನೋಡಿದರೆ ಮುಂಗುಸಿಯ ಎತ್ತರ ತಿಳಿಯುವುದಿಲ್ಲ.

ಕ್ಯಾಮೆರಾದ ಬಾಗಿಲು ಮುಚ್ಚುವ ಮುನ್ನ ರಬ್ಬರ್ ಅಂಚಿನ ಸುತ್ತ ಬೆರಳು ಆಡಿಸುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಒಂದು ಮರಳಿನ ಕಣ, ಒಂದು ಹುಲ್ಲೆಳೆ ಸಿಕ್ಕಿಕೊಂಡರೂ ಸಾಕು, ಮಳೆಗಾಲದಲ್ಲಿ ಲೆನ್ಸಿನ ಒಳಗೆ ಮಂಜು ಕೂರುತ್ತದೆ. ಒಳಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಭೇಟಿಗೊಮ್ಮೆ ಹೊಸದು. ಬ್ಯಾಟರಿ ಬದಲಿಸಿದಾಗ ಗಡಿಯಾರ ಹಿಂದಕ್ಕೆ ಹೋಗಿರಬಹುದು. ಸ್ಥಳದ ಸಂಖ್ಯೆ, ದಿನಾಂಕ, ಸಮಯ ಬರೆದ ಸ್ಲೇಟನ್ನು ಮೊದಲ ಚಿತ್ರಕ್ಕೆ ಹಿಡಿಯಿರಿ. ಸಮಯ ತಪ್ಪಿದ್ದರೂ ಆಮೇಲೆ ಸರಿಪಡಿಸಬಹುದು.

ಹಣ ಸೀಮಿತವಾಗಿದ್ದರೆ ದುಬಾರಿಯ ಐದಕ್ಕಿಂತ ಇಂಥ ಹತ್ತು ಕೊಳ್ಳಿ, ಸ್ಥಳಗಳ ಸಂಖ್ಯೆಯೇ ಇಲ್ಲಿ ಮುಖ್ಯ. ಬೇರೆ ಮಾಡೆಲ್‌ಗಳೂ ಇದ್ದರೆ ಪ್ರತಿಯೊಂದನ್ನೂ ಎಲ್ಲ ಆವಾಸಗಳಿಗೂ ಸಮನಾಗಿ ಹಂಚಿ. ಹೊಸದು ಕಾಡಿಗೆ, ಹಳೆಯದು ಬಯಲಿಗೆ ಎಂದು ಇಟ್ಟರೆ, ಕಂಡ ವ್ಯತ್ಯಾಸ ಆವಾಸದ್ದೋ ಕ್ಯಾಮೆರಾದ್ದೋ ಎಂದು ಬಿಡಿಸಲು ಸಾಧ್ಯವೇ ಇಲ್ಲ.