ಹಿತ್ತಲಲ್ಲಿ ಸೌದೆ ಬಾಯ್ಲರ್ ನಾವೇ ಕೂರ್ಸಿದ್ದು, ಬಳಸಿ ನೋಡಿದ ಮೇಲಿನ ರಿವ್ಯೂ

ಸೌದೆ ಬಾಯ್ಲರ್ ತಗೋಬೇಕು ಅಂತಿರೋರು ಯಾವ ಕಂಪನಿದು ಅನ್ನೋದಕ್ಕಿಂತ ಎಲ್ಲಿ ಇಡ್ತೀವಿ, ಪೈಪ್ ಹೇಗೆ ಹಾಕ್ತೀವಿ ಅನ್ನೋದರ ಬಗ್ಗೆ ಜಾಸ್ತಿ ಯೋಚ್ನೆ ಮಾಡಿ ಅಂತ ಮೊದಲೇ ಹೇಳ್ಬಿಡ್ತೀನಿ. ನಮ್ಮನೇಲಿರೋದು 100 ಲೀಟರಿನ ಸ್ಟೀಲ್ ಬಾಯ್ಲರು, ಮಂಡ್ಯ ಕಡೆನೇ ವೆಲ್ಡಿಂಗ್ ಶೆಡ್‌ನೋರು ಮಾಡಿ ಪಾತ್ರೆ ಅಂಗಡಿಗಳಿಗೆ ಹಾಕ್ತಾರಲ್ಲ ಆ ತರದ್ದು, ಮೇಲೆ ದೊಡ್ಡ ಹೆಸರೇನೂ ಇಲ್ಲ. ಚಿಮಣಿ ಪೈಪ್ ಸೇರಿ 15 ಸಾವಿರದ ಆಸುಪಾಸು ಆಯ್ತು. ಒಂದು ಚಳಿಗಾಲ ಒಂದು ಮಳೆಗಾಲ ಪೂರ್ತಿ ಬಳಸಿದೀವಿ, ಐದಕ್ಕೆ ನಾಲ್ಕು ಕೊಡ್ತೀನಿ. ಆ ಒಂದು ಯಾಕೆ ಕಟ್ ಮಾಡ್ದೆ ಅನ್ನೋದು ಮುಂದೆ ಬರುತ್ತೆ.

ಮನೆ ಮಂಡ್ಯ ಟೌನಿನ ಅಂಚಿಗಿದೆ, ಹಿತ್ತಲು ಇದೆ, ತೆಂಗಿನ ಮರಗಳಿವೆ. ಮೇಲೆ ಸೋಲಾರ್ ಇದೆ ಆದ್ರೆ ಆಷಾಢ ಶ್ರಾವಣದಲ್ಲಿ ವಾರಗಟ್ಟಲೆ ಮೋಡ ಮುಚ್ಕೊಂಡಾಗ ಅದರಲ್ಲಿ ಬರೋದು ಬೆಚ್ಚಗಿನ ನೀರೂ ಅಲ್ಲ ತಣ್ಣೀರೂ ಅಲ್ಲ. ಗೀಸರ್ ಹಾಕ್ಬಹುದು, ಲೆಕ್ಕ ನೋಡಿ, 100 ಲೀಟರ್ ನೀರನ್ನ 22 ಡಿಗ್ರಿಯಿಂದ 45ಕ್ಕೆ ತರೋಕೆ 2.7 ಯೂನಿಟ್ ಕರೆಂಟ್ ಬೇಕೇ ಬೇಕು, ಅದು ಯಾವ ಕಂಪನಿ ಗೀಸರ್ ಆದ್ರೂ ಅಷ್ಟೇ, ತಿಂಗಳಿಗೆ 80 ಯೂನಿಟ್ ಬರೀ ಸ್ನಾನಕ್ಕೇ ಹೋಗುತ್ತೆ. ಗೃಹಜ್ಯೋತಿ 2023ರಲ್ಲಿ ಬಂದಾಗಿಂದ 200 ಯೂನಿಟ್ ಫ್ರೀ ಅಂತ ಎಲ್ಲರೂ ಅಂತಾರೆ, ಆದ್ರೆ ನಿಮಗೆ ಸಿಗೋದು ನಿಮ್ಮ ಹಳೇ ಸರಾಸರಿ ಮೇಲೆ 10 ಪರ್ಸೆಂಟ್ (ತೀರ ಕಮ್ಮಿ ಬಳಸೋರಿಗೆ 10 ಯೂನಿಟ್) ಸೇರಿಸಿದಷ್ಟು ಮಾತ್ರ, ಅದು ದಾಟಿದ್ದಕ್ಕೆ ಬಿಲ್ ಬರುತ್ತೆ, 200 ದಾಟಿದ್ರೆ ಪೂರ್ತಿ ಕಟ್ಬೇಕು. ಇತ್ತ ಹಿತ್ತಲಲ್ಲಿ ಎಡೆಮಟ್ಟೆ, ಹೊಂಬಾಳೆ, ಚಿಪ್ಪು ರಾಶಿ ಬಿದ್ದಿರುತ್ತೆ. ಅದಕ್ಕೇ ಸೌದೆ ಬಾಯ್ಲರ್ ಅಂತ ತೀರ್ಮಾನ ಮಾಡಿದ್ವಿ, ನಾನು ನಮ್ಮ ಭಾವಮೈದ ಇಬ್ರೇ ಸೇರಿ ಕೂರ್ಸಿದ್ವಿ.

ಇದರ ಒಳಗೆ ಏನಿದೆ ಗೊತ್ತಿಲ್ದೇ ಇರೋರಿಗೆ: ಕೆಳಗೆ ಬೆಂಕಿ ಗೂಡು, ಅದರಡಿ ಜಾಲರಿ, ಜಾಲರಿ ಕೆಳಗೆ ಬೂದಿ ಟ್ರೇ. ಗೂಡಿನ ಮೇಲೆ ನೀರಿನ ಡ್ರಮ್ಮು, ಡ್ರಮ್ಮಿನ ನಡುಮಧ್ಯ ಒಂದು ಕೊಳವೆ ಹಾದು ಹೋಗಿರುತ್ತೆ, ಉರಿ ಹೊಗೆ ಎರಡೂ ಅದರೊಳಗಿಂದ ಮೇಲೆ ಹೋಗಿ ಚಿಮಣಿ ಸೇರುತ್ತೆ, ಹೋಗ್ತಾ ಹೋಗ್ತಾ ಸುತ್ತಲಿನ ನೀರು ಕಾಯಿಸುತ್ತೆ. ಹಂಡೆ ಒಲೆಲಿ ತಳಕ್ಕೆ ಮಾತ್ರ ಕಾವು, ಇದರಲ್ಲಿ ನಡುವಿಂದಾನೂ ಕಾವು, ಸೌದೆ ಉಳಿಯೋದು ಅಲ್ಲೇ. ತಣ್ಣೀರು ತಳದಲ್ಲಿ ಒಳಗೆ ಬರುತ್ತೆ, ಬಿಸಿನೀರು ಹಗುರ ಆಗಿ ಮೇಲೆ ನಿಂತಿರುತ್ತೆ, ಬಚ್ಚಲಲ್ಲಿ ನಲ್ಲಿ ತಿರುಗಿಸಿದ್ರೆ ಕೆಳಗಿಂದ ತಣ್ಣೀರು ನುಗ್ಗಿ ಮೇಲಿನ ಬಿಸಿನೀರನ್ನ ಆಚೆ ತಳ್ಳುತ್ತೆ. ಪಂಪ್ ಬೇಡ, ಕರೆಂಟ್ ಬೇಡ, ಓವರ್‌ಹೆಡ್ ಟ್ಯಾಂಕು ಬಾಯ್ಲರ್‌ಗಿಂತ ಎತ್ತರದಲ್ಲಿದ್ರೆ ಸಾಕು.

ಅಮೆರಿಕ ಕೆನಡಾದಲ್ಲಿ ಹಿಮ ಬೀಳೋ ಕಡೆ ಇದೇ ವಿದ್ಯೆನ ದೊಡ್ಡದಾಗಿ ಮಾಡ್ತಾರೆ, ಮನೆಯಿಂದ ದೂರ ಶೆಡ್ಡಿನಷ್ಟು ದೊಡ್ಡ ಸೌದೆ ಕುಲುಮೆ, ಸುತ್ತ ನೀರು, ಆ ನೀರನ್ನ ಪಂಪಲ್ಲಿ ನೆಲದಡಿ ಪೈಪಲ್ಲಿ ಹರಿಸಿ ಇಡೀ ಮನೆ ಬೆಚ್ಚಗೆ ಮಾಡ್ಕೋತಾರೆ. ಅವರಿಗೆ ಬಂದ ದೊಡ್ಡ ತಲೆನೋವು ಹೊಗೆ. ನೀರು ಸಾಕಷ್ಟು ಕಾದ ಮೇಲೆ ಗಾಳಿ ಬಾಗಿಲು ಮುಚ್ಕೊಂಡು ಬೆಂಕಿ ಉರಿಯೋ ಬದಲು ಕಮರೋಕೆ ಶುರುವಾಗುತ್ತೆ, ಆಗ ಹೊಗೆ ದಟ್ಟ. ಅಮೆರಿಕದ ಪರಿಸರ ಇಲಾಖೆ 2015ರಲ್ಲಿ ಇದಕ್ಕೆ ನಿಯಮ ತಂದು 2020ರಿಂದ ಇನ್ನೂ ಬಿಗಿ ಮಾಡ್ತು. ನಮ್ಮ ಸಣ್ಣ ಬಾಯ್ಲರ್‌ಗೂ ಇದೇ ಮಾತು ಅನ್ವಯ ಆಗುತ್ತೆ, ಸೌದೆ ಉಳಿಸೋಣ ಅಂತ ಬೂದಿ ಬಾಗಿಲು ಮುಚ್ಚಿ ಬೆಂಕಿ ಉಸಿರು ಕಟ್ಟಿಸೋರು ತುಂಬಾ ಜನ ಇದಾರೆ, ಸೌದೆನೂ ಉಳಿಯಲ್ಲ, ಚಿಮಣಿ ತುಂಬ ಟಾರಿನ ತರ ಜಿಗುಟು ಕಟ್ಕೊಳುತ್ತೆ ಅಷ್ಟೇ. ಸ್ವಲ್ಪ ಸೌದೆ, ಜೋರು ಉರಿ, ಬೇಗ ಮುಗಿಸೋದು, ಇದೇ ಸರಿಯಾದ ದಾರಿ.

ಬಾಯ್ಲರ್ ಬಚ್ಚಲೊಳಗೆ ಇಡ್ಬೇಡಿ, ದಯವಿಟ್ಟು. ಹಿಂದಿನ ಕಾಲದ ಬಚ್ಚಲಿಗೆ ಹೆಂಚಿನ ಸೂರು, ಗೋಡೆ ಸೂರಿನ ನಡುವೆ ಸಂದು, ಹೊಗೆ ಹೋಗೋಕೆ ಜಾಗ ಇತ್ತು. ಈಗಿನದು ಟೈಲ್ಸ್ ಹಾಕಿ ಬಾಗಿಲು ಬಿಗಿಯಾಗಿ ಕೂರೋ ಬಾತ್‌ರೂಮು, ಅದರಲ್ಲಿ ಕೆಂಡ ಇದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆ ಸುತ್ತಿ ಬೀಳೋತನಕ ಗೊತ್ತಾಗಲ್ಲ. ನಾವು ಬಚ್ಚಲ ಗೋಡೆಯ ಆಚೆ ಬದಿಗೆ, ಹಿತ್ತಲಲ್ಲಿ, ಇಟ್ಟಿಗೆ ಕಟ್ಟೆ ಮಾಡಿ ಮೇಲೆ ಕೂರ್ಸಿದ್ವಿ. ಬೆಂಕಿ ಬಾಯಿ ಮೂಡಲಿಗೆ ಇಟ್ವಿ ಯಾಕಂದ್ರೆ ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ. ಮೇಲೆ ಜಿಂಕ್ ಶೀಟಿನ ಸಣ್ಣ ಇಳಿಜಾರು, ಚಿಮಣಿ ತೂರೋ ಕಡೆ ಕೈ ಆಡೋಷ್ಟು ಸಂದು ಬಿಟ್ಟು ತಗಡಿನ ಕೊಡೆ ಹಾಕಿದೀವಿ. ಚಿಮಣಿ ತುದಿ ಮನೆ ತಾರಸಿ ಪ್ಯಾರಾಪೆಟ್‌ಗಿಂತ ಮೂರಡಿ ಮೇಲಿದೆ, ಇಲ್ಲಾಂದ್ರೆ ಗಾಳಿ ಸುತ್ತಿ ಹೊಗೆ ವಾಪಸ್ ಕಿಟಕಿಗೇ ಬರುತ್ತೆ.

ಈಗ ಅಸಲು ವಿಷ್ಯ, ವೆಂಟ್ ಪೈಪು, ಅಂದ್ರೆ ಹಿಗ್ಗಿದ ನೀರು, ಆವಿ ಆಚೆ ಹೋಗೋಕೆ ಬಾಯಿ ತೆರೆದಿರೋ ಪೈಪು. ಅಂಗಡಿಯೋರು ಇದು ಬೇಕಾಗಲ್ಲ ಬಿಡಿ ಅಂದ್ರು, ಬಾಯ್ಲರ್ ಜೊತೆ ಕೊಟ್ಟ ಒಂದು ಹಾಳೇಲೂ ಇದರ ಸುದ್ದಿ ಇಲ್ಲ, ನಾನು ಒಂದು ಪಾಯಿಂಟ್ ಕಟ್ ಮಾಡಿರೋದು ಇದಕ್ಕೇ. ನೀರು ಕಾದ್ರೆ ಹಿಗ್ಗುತ್ತೆ, 100 ಲೀಟರ್ ನೀರು 20 ಡಿಗ್ರಿಯಿಂದ 80ಕ್ಕೆ ಹೋದ್ರೆ ಎರಡೂವರೆ ಲೀಟರ್‌ಗಿಂತ ಜಾಸ್ತಿ ಹೆಚ್ಚುತ್ತೆ, ಆ ನೀರು ಎಲ್ಲಿ ಹೋಗ್ಬೇಕು? ತಣ್ಣೀರು ಲೈನಿಗೆ ನೀರು ವಾಪಸ್ ಹೋಗದಂಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಇದೆ, ಬಚ್ಚಲಲ್ಲಿ ನಲ್ಲಿ ಮುಚ್ಚಿದೆ, ವೆಂಟ್ ಇಲ್ಲ ಅಂದ್ರೆ ಡ್ರಮ್ಮಿನ ಬೆಸುಗೆ ಮೇಲೇ ಎಲ್ಲಾ ಒತ್ತಡ. ಇನ್ನು ಕುದಿದು ಆವಿ ಆಯ್ತು ಅಂದ್ರೆ ಅದೇ ನೀರು ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತೆ. ಗೀಸರ್‌ಗೆ ಥರ್ಮೋಸ್ಟಾಟ್ ಇದೆ, ತಾನೇ ಆಫ್ ಆಗುತ್ತೆ, ಸೌದೆ ಬೆಂಕಿಗೆ ಆಫ್ ಸ್ವಿಚ್ ಇಲ್ಲ. ಅದಕ್ಕೆ ಬಾಯ್ಲರ್ ನೆತ್ತಿಲಿ ಬಿಸಿನೀರು ಹೊರಡೋ ಕಡೆನೇ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ಒಂದು ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಗೋಡೆಗುಂಟ ನೆಟ್ಟಗೆ ಮೇಲೆ ತಗೊಂಡು ಹೋಗಿ ಓವರ್‌ಹೆಡ್ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಎತ್ತರದಲ್ಲಿ ಬಾಯಿ ತೆರೆದು ಬಿಡ್ಬೇಕು, ತುದಿ ಕೆಳಮುಖ ಬಗ್ಗಿಸ್ಬೇಕು, ಕೊನೇತನಕ ಎಲ್ಲೂ ವಾಲ್ವ್ ಹಾಕಕೂಡದು. ಟ್ಯಾಂಕ್ ಮಟ್ಟಕ್ಕಿಂತ ಕೆಳಗೆ ಬಿಟ್ರೆ ಅಲ್ಲಿಂದ ನೀರು ಸುರೀತಾನೇ ಇರುತ್ತೆ. ಇಷ್ಟಕ್ಕೆ ಪೈಪು, ಎಲ್ಬೋ, ಟೀ ಎಲ್ಲಾ ಸೇರಿ ಬಾಯ್ಲರ್ ರೇಟಿನ ಮುಂದೆ ಏನೇನೂ ಅಲ್ಲ, ಇದನ್ನ ಬೇಡ ಅನ್ನೋ ಪ್ಲಂಬರ್ ಮಾತು ಕೇಳ್ಬೇಡಿ.

ಬಿಸಿನೀರಿನ ಲೈನಿಗೆ ಸಾದಾ ಪಿವಿಸಿ ಹಾಕಿದ್ರೆ ಮೆತ್ತಗಾಗಿ ಜೋತು ಬೀಳುತ್ತೆ. ಬಿಸಿನೀರಿಗೆ ಅಂತ ಬರೋ ಸಿಪಿವಿಸಿ ಪೈಪು 93 ಡಿಗ್ರಿ ತನಕ ತಡೆಯುತ್ತೆ ಆದ್ರೆ ಬಾಯ್ಲರ್ ಬಾಯಲ್ಲಿ ಅದಕ್ಕಿಂತ ಜಾಸ್ತಿ ಆಗೋದುಂಟು, ಹಾಗಾಗಿ ಮೊದಲ ಮೂರ್ನಾಲ್ಕು ಅಡಿ ಜಿಐ, ಆಮೇಲೆ ಸಿಪಿವಿಸಿ ಮಾಡಿದೀವಿ. ಪೈಪ್ ಎಷ್ಟು ಗಿಡ್ಡ ಇರುತ್ತೋ ಅಷ್ಟು ಒಳ್ಳೇದು, ಮೇಲೆ ಕಪ್ಪು ಫೋಮ್ ಸುತ್ತಿ. ಬಚ್ಚಲಲ್ಲಿ ಮಕ್ಕಳಿದ್ರೆ ಹುಷಾರು, 60 ಡಿಗ್ರಿ ನೀರು ಕೆಲವೇ ಸೆಕೆಂಡಲ್ಲಿ ಚರ್ಮ ಸುಟ್ಟುಬಿಡುತ್ತೆ, ಬಕೆಟ್‌ಗೆ ಮೊದಲು ತಣ್ಣೀರು ಬಿಡೋ ಅಭ್ಯಾಸ ಮನೇಲಿ ಎಲ್ಲರಿಗೂ ಮಾಡ್ಸಿ.

ಸ್ಟೀಲ್ ವಿಚಾರ. ಅಂಗಡಿಲಿ 304 (ತುಕ್ಕು ಚೆನ್ನಾಗಿ ತಡೆಯೋ ಗ್ರೇಡು) ಅಂತ ಹೇಳಿ ಮ್ಯಾಗ್ನೆಟ್ ಹಿಡಿದು ತೋರಿಸ್ತಾರೆ, ಅಂಟ್ಲಿಲ್ಲ ನೋಡಿ ಸಾರ್ ಒರಿಜಿನಲ್ಲು ಅಂತ. 202 ಗ್ರೇಡ್‌ಗೂ ಮ್ಯಾಗ್ನೆಟ್ ಅಂಟಲ್ಲ, ಅದರಿಂದ ಏನೂ ಸಾಬೀತಾಗಲ್ಲ. 202ರಲ್ಲಿ ನಿಕ್ಕಲ್ ಕಮ್ಮಿ ಮ್ಯಾಂಗನೀಸ್ ಜಾಸ್ತಿ, ಬೋರ್ ನೀರಿಗೆ ಬೇಗ ತುಕ್ಕು ಚುಕ್ಕೆ ಬೀಳುತ್ತೆ. ಟೆಸ್ಟ್ ಮಾಡೋಕೆ ಒಂದು ಲಿಕ್ವಿಡ್ ಬರುತ್ತೆ, ಒಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ತಾಗಿಸಿದ್ರೆ 202 ಆದ್ರೆ ಕೆಂಪಗಾಗುತ್ತೆ, ನಾವು ತಗೊಂಡಿದ್ದು ಟೆಸ್ಟ್ ಮಾಡಿಸೇ ತಗೊಂಡ್ವಿ. ತಾಮ್ರದ ಬಾಯ್ಲರ್ ಕಾವು ಬೇಗ ಹಿಡಿಯುತ್ತೆ, ನೋಡೋಕೂ ಲಕ್ಷಣವಾಗಿರುತ್ತೆ, ಮೈಸೂರು ಕಡೆ ಹಳೇ ಮನೆಗಳಲ್ಲಿ ಈಗ್ಲೂ ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಕೊಂಡಿರೋರಿದಾರೆ, ರೇಟು ಮಾತ್ರ ನಮ್ಮ ಕೈಗೆಟುಕಲ್ಲ.

ಸೌದೆ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿನೇ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತೆ, ಹಸಿ ಸೌದೆ ಹಾಕಿದ್ರೆ ಬೆಂಕಿ ಮೊದಲು ಆ ನೀರು ಕಾಯಿಸ್ಬೇಕು ಆಮೇಲೆ ನಮ್ಮ ನೀರು. ಸೀಳಿ, ಅಡ್ಡಡ್ಡ ಉದ್ದುದ್ದ ಪೇರಿಸಿ, ಮೇಲೆ ಮಾತ್ರ ಮುಚ್ಚಿ ಪಕ್ಕ ಗಾಳಿ ಆಡೋಕೆ ಬಿಟ್ರೆ ಆರು ತಿಂಗಳಲ್ಲಿ ಚೆನ್ನಾಗಿ ಒಣಗುತ್ತೆ. ತುದಿಲಿ ಬಿರುಕು ಬಿಟ್ಟಿರ್ಬೇಕು, ಎರಡು ತುಂಡು ತಟ್ಟಿದ್ರೆ ಟಣ್ ಅನ್ಬೇಕು, ದಬ್ ಅಂದ್ರೆ ಇನ್ನೂ ಆಗಿಲ್ಲ. ಒಂದು ಕೆಜಿ ಒಣ ಸೌದೇಲಿ 4 ಯೂನಿಟ್‌ನಷ್ಟು ಶಾಖ ಇದೆ, ಅರ್ಧಕ್ಕಿಂತ ಜಾಸ್ತಿ ಚಿಮಣಿಲಿ ಹೋಯ್ತು ಅಂತ ಇಟ್ಕೊಂಡ್ರೂ ಎರಡು ಕೆಜಿ ಒಳಗೆ ಮನೆಮಂದಿ ಸ್ನಾನ ಮುಗಿಯುತ್ತೆ. ಜಾಲಿ, ಸರ್ವೆ ಚೆನ್ನಾಗಿ ನಿಲ್ಲುತ್ತೆ. ಚಿಪ್ಪು ಹಚ್ಚೋಕೆ ಒಳ್ಳೇದು. ಆದ್ರೆ ನಮ್ಮ ಮಂಡ್ಯ ಸೀಮೇಲಿ ಇದಕ್ಕೆ ಹೇಳಿ ಮಾಡ್ಸಿದಂಗಿರೋದು ಹಿಪ್ಪುನೇರಳೆ ಕಡ್ಡಿ, ರೇಷ್ಮೆ ಹುಳಕ್ಕೆ ರೆಂಬೆ ಸಮೇತ ಹಾಕ್ತಾರಲ್ಲ, ಹುಳ ಸೊಪ್ಪು ತಿಂದು ಬರೀ ಕಡ್ಡಿ ಉಳಿಯುತ್ತೆ, ಬೆರಳು ಗಾತ್ರ, ಸೀಳೋ ಕೆಲ್ಸನೇ ಇಲ್ಲ, ಬೇಗ ಒಣಗುತ್ತೆ, ರೇಷ್ಮೆ ಮನೆ ಇರೋರನ್ನ ಕೇಳಿದ್ರೆ ಎಷ್ಟೋ ಸಲ ಸುಮ್ನೆ ತಗೊಂಡೋಗಿ ಅಂತಾರೆ. ಕಬ್ಬಿನ ತರಗು ಹಾಕ್ಬೇಡಿ, ಭುಗ್ ಅಂತ ಹತ್ತಿ ಕಿಡಿ ಹಾರುತ್ತೆ, ಪಕ್ಕದಲ್ಲಿ ಹುಲ್ಲಿನ ಮೆದೆ ಇದ್ರೆ ಕೇಳೋದೇ ಬೇಡ. ಬಣ್ಣ ಹೊಡೆದ ಮರ, ಪ್ಲೈವುಡ್, ಹಾಲಿನ ಕವರು ಇವ್ಯಾವೂ ಒಲೆಗೆ ಬೀಳಬಾರದು, ಅದರ ಹೊಗೆ ವಿಷ.

ನಮ್ಮವ್ವಂಗೆ ಮೊದಲು ಇದರ ಮೇಲೆ ನಂಬಿಕೆ ಇರ್ಲಿಲ್ಲ. ಜೀವಮಾನವಿಡೀ ಬಚ್ಚಲೊಲೆ ಊದಿ ಕಣ್ಣು ಉರಿಸ್ಕೊಂಡಿರೋರು. ಒಣ ಕಡ್ಡಿ ಹಾಕಿ ಹಚ್ಚಿ ಸ್ವಲ್ಪ ಹೊತ್ತಿಗೆ ಆಚೆ ಬಂದು ಚಿಮಣಿ ತುದಿ ನೋಡಿ, "ಏನ್ಲಾ ಮಗಾ, ಉರಿ ಕೆಟ್ಟೋಯ್ತಾ, ಹೊಗೆನೇ ಕಾಣಾಕಿಲ್ವಲ್ಲ" ಅಂದ್ರು. ಬೆಂಕಿ ಗೂಡಿನ ಬಾಗಿಲು ತೆಗೆದು ತೋರಿಸ್ದೆ, ಒಳಗೆ ಹಳದಿ ಉರಿ ಬುಸುಗುಟ್ತಾ ಕೊಳವೆಗೆ ಏರ್ತಿತ್ತು, ಚಿಮಣಿ ಮೇಲೆ ಬರೀ ಬಿಸಿಗಾಳಿ ನಡುಗ್ತಾ ಇತ್ತು. "ಬಗ್ಗಿ ಊದಂಗಿಲ್ಲ ಅಂದ್ಮೇಲೆ ಬಿಡು, ಇದೇ ಆಗ್ಲಿ" ಅಂದ್ರು. ಹಳ್ಳಿಗಳಲ್ಲಿ ಹೆಂಗಸರು ಈ ಹೊಗೆಯಲ್ಲೇ ಉಸಿರಾಡಿದಾರೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಲಿ 1974ರಲ್ಲಿ ಶುರುವಾದ ಆಸ್ತ್ರ ಅನ್ನೋ ವಿಭಾಗದೋರು ಆಸ್ತ್ರ ಒಲೆ ಮಾಡಿದ್ದೇ ಸೌದೆ ಉಳೀಲಿ, ಹೊಗೆ ಚಿಮಣಿಲಿ ಆಚೆ ಹೋಗ್ಲಿ ಅಂತ. ಆ ಯೋಚನೆ ಪ್ರತಿ ಬಚ್ಚಲಿಗೂ ಬರ್ಬೇಕಿತ್ತು ಅಂತ ನಂಗೆ ತುಂಬಾ ಅನ್ಸುತ್ತೆ.

ದೀಪಾವಳಿಗೆ ನೀರು ತುಂಬೋ ಹಬ್ಬದ ಮಾರನೇ ದಿನ ಮನೆ ತುಂಬ ನೆಂಟರು, ಬೆಳಿಗ್ಗೆ ಎಣ್ಣೆ ಸ್ನಾನ, ಒಬ್ಬರಾದ ಮೇಲೊಬ್ಬರು ಹೋಗ್ತಾನೇ ಇದ್ರು, ನಡುನಡುವೆ ನಾಲ್ಕು ಕಡ್ಡಿ ಹಾಕ್ತಾ ಹೋದ್ರೆ ಬಿಸಿನೀರು ನಿಲ್ಲಲೇ ಇಲ್ಲ. ಹಂಡೆಗೆ ಕಟ್ಟೋ ಹೂವು ಅವ್ವ ಬಾಯ್ಲರ್ ಕುತ್ತಿಗೆಗೇ ಕಟ್ಟಿದ್ರು.

ಮೈಸೂರಲ್ಲಿ ಕುವೆಂಪುನಗರದಲ್ಲಿರೋ ನಮ್ಮಕ್ಕ ತನಗೂ ಒಂದು ಕೂರಿಸ್ಕೊಡು ಅಂದ್ಲು, ಬೇಡ ಅಂದೆ. 30 ಇಂಟು 40 ಸೈಟು, ಪಕ್ಕದ ಮನೆ ಕಿಟಕಿ ಮೂರಡಿ ದೂರ, ಹಚ್ಚುವಾಗ ಆರುವಾಗ ಬರೋ ಆ ಒಂದಿಷ್ಟು ಹೊಗೆ ನೇರ ಅವರ ರೂಮಿಗೆ, ಒಣಗಾಕಿದ ಬಟ್ಟೆಗೆ. ಸೌದೆ ದುಡ್ಡು ಕೊಟ್ಟು ತರ್ಬೇಕು ಅಂದ್ರೆ ಲೆಕ್ಕನೂ ಕೂಡಲ್ಲ. ಹಿತ್ತಲು, ಸ್ವಂತ ಸೌದೆ, ದೂರದ ನೆರೆಮನೆ ಮೂರೂ ಇರೋರಿಗೆ ಮಾತ್ರ ಇದು.

ಇನ್ನು ಮಾಲಿನ ಕೊರತೆಗಳು. ಜೊತೆಗೆ ಕೊಟ್ಟ ಚಿಮಣಿ ಪೈಪು ತೀರ ತೆಳು ತಗಡು, ಕೆಳಗಿನ ಮೊಣಕೈ ಆಗಲೇ ಕಪ್ಪಾಗಿ ಸವೀತಿದೆ. ಜಾಲರಿ ಸಾದಾ ಕಬ್ಬಿಣದ ಸರಳು, ಕಾವಿಗೆ ಬಗ್ಗಿದೆ, ಎರಕದ ಜಾಲರಿ ಕೊಟ್ಟಿದ್ರೆ ಸ್ವಲ್ಪ ರೇಟು ಜಾಸ್ತಿ ಆದ್ರೂ ಪರವಾಗಿಲ್ಲ ಅನ್ಸುತ್ತೆ. ಬೂದಿ ಟ್ರೇ ಹಿಡಿ ಗಿಡ್ಡ, ಕೈ ಸುಡುತ್ತೆ. ಬೂದಿ ಪಾತ್ರೆಗೂ ಆಗುತ್ತೆ, ಗಿಡಕ್ಕೂ ಆಗುತ್ತೆ ಆದ್ರೆ ಬೂದಿ ಕ್ಷಾರ, ನಾಲೆ ಕೆಳಗೆ ಸವಳು ಜಮೀನು ಇರೋರು ಸುರೀಬೇಡಿ. ಚಿಮಣಿನ ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿಚೀಲ ಸುತ್ತಿ ಮೇಲಿಂದ ಎಳೆದು ಕರಿ ಉದುರಿಸ್ತೀವಿ.

ತಗೊಳೋವಾಗ ತಳದಲ್ಲಿ ಡ್ರೈನ್, ಅಂದ್ರೆ ನೀರು ಬಸಿದು ಬಿಡೋ ನಲ್ಲಿ ಇದೆಯಾ ನೋಡಿ, ಸುಮಾರು ಮಾಡೆಲ್‌ಗಳಲ್ಲಿ ಇಲ್ಲ, ನಮ್ಮದರಲ್ಲಿ ಮುಕ್ಕಾಲು ಇಂಚಿನದಿದೆ. ನಮ್ಮ ಬೋರ್ ನೀರು ಗಡಸು, ಕಾದಾಗ ಸುಣ್ಣ ತಳಕ್ಕೆ ಕೂರುತ್ತೆ, ನಡುವಿನ ಕೊಳವೆಗೂ ಮೆತ್ಕೊಳುತ್ತೆ, ಬಿಟ್ರೆ ಕಾವು ನೀರಿಗೆ ದಾಟಲ್ಲ, ಲೋಹನೇ ಸುಡುತ್ತೆ. ವಾರಕ್ಕೊಂದ್ಸಲ ಬೆಂಕಿ ಇಲ್ಲದಾಗ ಡ್ರೈನ್ ತೆರೆದು ಎರಡು ಬಕೆಟ್ ನೀರು ಜೋರಾಗಿ ಬಿಡ್ತೀವಿ, ಬಿಳೀ ಮರಳಿನ ತರದ್ದು ಬರುತ್ತೆ, ತಿಳಿ ಆಗೋತನಕ ಬಿಟ್ಟು ಮುಚ್ಚೋದು. ಮುಚ್ಚಿದ ಮೇಲೆ ಬಚ್ಚಲ ಬಿಸಿನೀರು ನಲ್ಲಿ ತಿರುಗಿಸಿ ನೀರು ಒಂದೇ ಸಮ ಬರ್ತಿದೆಯಾ, ಅಂದ್ರೆ ಡ್ರಮ್ಮು ತುಂಬಿದೆಯಾ ಅಂತ ನೋಡಿನೇ ಒಲೆ ಹಚ್ಚಿ, ಖಾಲಿ ಬಾಯ್ಲರ್‌ಗೆ ಬೆಂಕಿ ಹಾಕಿದ್ರೆ ಬೆಸುಗೆ ಬಿಟ್ಕೊಳುತ್ತೆ, ಅದಕ್ಕೆ ವಾರಂಟಿನೂ ಕೊಡಲ್ಲ.