ಲಿಂಕ್, ಸ್ಕ್ರೀನ್‌ಶಾಟ್, ಫಾರ್ವರ್ಡ್: ಯಾವಾಗ ಯಾವುದು?

ಒಳ್ಳೆ ಪೋಸ್ಟ್ ಕಂಡರೆ ಹೇಗೆ ಹಂಚಲಿ ಅಂತ ಕೇಳಿದ್ದೀರಿ.

ಸುಲಭ ಬೇಕಂದ್ರೆ ಫಾರ್ವರ್ಡ್. ಆದರೆ ಬರೆದವರು ಯಾರು ಅನ್ನೋದು ದಾರಿಯಲ್ಲೇ ಕಳೆದುಹೋಗುತ್ತದೆ. ವಾಟ್ಸಾಪ್‌ನಲ್ಲಿ ಜೋಡಿ ಬಾಣ ಕಂಡರೆ ಅದು ಕನಿಷ್ಠ 5 ಚಾಟ್ ದಾಟಿ ಬಂದದ್ದು. 2020ರಿಂದ ಅಂಥದ್ದು ಒಮ್ಮೆಗೆ ಒಂದೇ ಚಾಟ್‌ಗೆ ಹೋಗುತ್ತದೆ. ಸುಮ್ನೆ ಶುಭಾಶಯಕ್ಕೆ ಇದು ಸಾಕು.

ನಂಬಿಕೆ ಮುಖ್ಯವಾದರೆ ಲಿಂಕ್. ಮೂಲದಲ್ಲಿ ತಪ್ಪು ತಿದ್ದಿದರೆ ಓದುವವರಿಗೂ ತಿದ್ದಿದ್ದೇ ಕಾಣುತ್ತದೆ. ಔಷಧಿ, ಪರೀಕ್ಷೆಯ ದಿನಾಂಕ ಇಂಥದ್ದಕ್ಕೆ ನಾನಂತೂ ಲಿಂಕನ್ನೇ ಕಳಿಸುತ್ತೇನೆ. ಪೋಸ್ಟ್ ಅಳಿಸಿದರೆ ಮಾತ್ರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಉಳಿಯಲೇಬೇಕಾದ್ದಕ್ಕೆ ಸ್ಕ್ರೀನ್‌ಶಾಟ್. ಬೆದರಿಕೆ ಬಂದಾಗ ಮೊದಲು ತೆಗೆದಿಡಬೇಕಾದ್ದು ಇದೇ. ಹೆಸರು, ತಾರೀಖು ಕತ್ತರಿಸಬೇಡಿ. ಚಿತ್ರ ತಿದ್ದೋದು ಸುಲಭ ಅಲ್ವಾ, ಲಿಂಕನ್ನೂ ಜೊತೆಗಿಡಿ. ಬೇರೆಯವರ ಖಾಸಗಿ ಮಾತಾದರೆ ಹಂಚುವ ಮುಂಚೆ ಅವರನ್ನು ಕೇಳಿ.